ಎರಡು ವಾರದ ಗಾರೆಯವರು

ಬೇರೆ ದೇಶಕ್ಕೆ ಹೋಗಿ, ಗುರುತು ಪರಿಚಯವಿಲ್ಲದವರಿಗೆ ಕೈಯಾರೆ ಮನೆ ಕಟ್ಟಿಕೊಡುವ ಸಂಘಟಿತ ಸ್ವಯಂಸೇವೆಗೆ ನೂರು ವರ್ಷ ದಾಟಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ, 1920ರಲ್ಲಿ, ಸ್ವಿಟ್ಜರ್ಲೆಂಡಿನ ಶಾಂತಿವಾದಿ ಪಿಯೆರ್ ಸೆರೆಸೋಲ್ ಕೆಲವೇ ಜನರ ತಂಡ ಕಟ್ಟಿಕೊಂಡು ಫ್ರಾನ್ಸಿನ ವೆರ್ಡನ್ ಸಮೀಪದ ಹಾಳುಬಿದ್ದ ಹಳ್ಳಿಯೊಂದಕ್ಕೆ ಹೋಗಿ ಮರದ ಮನೆಗಳನ್ನು ನಿಲ್ಲಿಸಿದರು. ತಂಡದಲ್ಲಿ ಜರ್ಮನರೂ ಇದ್ದರು. ನಿನ್ನೆಯವರೆಗೆ ಶತ್ರುವಾಗಿದ್ದವನು ಸುತ್ತಿಗೆ ಹಿಡಿದು ಬಂದದ್ದು ಅಲ್ಲಿನ ಎಲ್ಲರಿಗೂ ಹಿಡಿಸಲಿಲ್ಲ. ಕೆಲವೇ ತಿಂಗಳಲ್ಲಿ ತಂಡ ಜಾಗ ಖಾಲಿ ಮಾಡಬೇಕಾಯಿತು.

ಇದೇ ಸೆರೆಸೋಲ್ 1934ರ ಜನವರಿ 15ರ ಭೂಕಂಪದ ನಂತರ ಬಿಹಾರಕ್ಕೆ ಬಂದರು. ನೆಲ ಕುಸಿದು ನೆರೆನೀರು ನಿಲ್ಲತೊಡಗಿದ್ದ ಮುಜಫರ್‌ಪುರದ ಕಡೆಯ ಹಳ್ಳಿಗಳನ್ನು ಎತ್ತರದ ಜಾಗಕ್ಕೆ ಸಾಗಿಸಿ ಹೊಸದಾಗಿ ಕಟ್ಟಬೇಕಿತ್ತು. ಮೊದಲ ಹೊಸ ಊರಿಗೆ ಶಾಂತಿಪುರ ಎಂದು ಹೆಸರಿಟ್ಟರು. ಯುರೋಪಿನಿಂದ ಬಂದವರು ಬೆರಳೆಣಿಕೆಯಷ್ಟು ಜನ, ಆದರೆ ಕೆಲಸ ನಡೆದದ್ದು 1937ರವರೆಗೆ. ಇಂದಿನ ರೂಢಿ ಇದಕ್ಕೆ ತಿರುವುಮುರುವು: ಜನ ಸಾವಿರಾರು, ದಿನಗಳು ಹತ್ತೋ ಹದಿನಾಲ್ಕೋ.

ಈ ರೂಢಿಗೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟದ್ದು ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ. ಅಮೆರಿಕದ ವಕೀಲ ಮಿಲರ್ಡ್ ಫುಲ್ಲರ್ ಮತ್ತು ಪತ್ನಿ ಲಿಂಡಾ ತಮ್ಮ ಸಂಪತ್ತನ್ನು ಹಂಚಿ, ಜಾರ್ಜಿಯಾದ ಕೊಯಿನೊನಿಯಾ ತೋಟದಲ್ಲಿ, ಅದರ ಸ್ಥಾಪಕ ಕ್ಲಾರೆನ್ಸ್ ಜೋರ್ಡನ್ನರ ಜೊತೆ, ಬಡವರಿಗೆ ಮನೆ ಕಟ್ಟುವ ವಿಚಾರವನ್ನು ರೂಪಿಸಿದರು. 1973ರಿಂದ ಆಫ್ರಿಕದ ಝೈರೆಯಲ್ಲಿ (ಇಂದಿನ ಕಾಂಗೊ ಪ್ರಜಾಸತ್ತಾತ್ಮಕ ಗಣರಾಜ್ಯ) ಮನೆ ಕಟ್ಟಿಸಿ ನೋಡಿದರು. 1976ರಲ್ಲಿ ಸಂಸ್ಥೆ ಆರಂಭಿಸಿದರು. ಇದರ ತಿರುಳು ಪರದೇಶದ ಕೈಗಳಲ್ಲ, ಸಾಲದ ಏರ್ಪಾಡು. ಮನೆ ಪುಕ್ಕಟೆಯಲ್ಲ. ಲಾಭವಿಲ್ಲದ ಬೆಲೆ, ಬಡ್ಡಿಯಿಲ್ಲದ ಕಂತು, ಜೊತೆಗೆ ಮನೆಯವರದೇ ಮೈಮುರಿಯುವ ದುಡಿಮೆ. ಒಬ್ಬರು ಕಟ್ಟಿದ ಕಂತಿನಿಂದ ಇನ್ನೊಬ್ಬರ ಬುನಾದಿ ಏಳುತ್ತದೆ. ದಾನವನ್ನು ಋಣವಾಗಿಸಿ ಪಡೆಯುವವರ ಮಾನ ಉಳಿಸಿದ ಈ ಯೋಚನೆಯೇ ಸಂಸ್ಥೆಯ ನಿಜವಾದ ಸಾಧನೆ. 1983ರಲ್ಲಿ ಅದು ಖಮ್ಮಂ ಮೂಲಕ ಭಾರತಕ್ಕೂ ಬಂತು. ಆದರೆ ಜನರ ಕಣ್ಣಿಗೆ ಬಿದ್ದದ್ದು ಬೇರೆಯೇ: 1984ರಿಂದ ಸೊಂಟಕ್ಕೆ ಉಪಕರಣದ ಪಟ್ಟಿ ಬಿಗಿದು ನಿಂತ ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್. 2006ರಲ್ಲಿ ಅವರು ಲೋನಾವಳಾದ ಬಳಿ ನೂರು ಮನೆಗಳ ಕೆಲಸಕ್ಕೆ ಬಂದಾಗ ಪತ್ರಿಕೆಗಳಿಗೆ ಸುದ್ದಿಯಾದದ್ದು, ಸಹಜವಾಗಿಯೇ, ಜೊತೆಗೆ ಬಂದಿದ್ದ ಹಾಲಿವುಡ್ ನಟ ಬ್ರಾಡ್ ಪಿಟ್.

ಇಟ್ಟಿಗೆ ಗೋಡೆ ನೋಡುವವರಿಗೆ ಸುಲಭ, ಕಟ್ಟುವವರಿಗಲ್ಲ. ಇಟ್ಟಿಗೆ ನೆನೆದಿರದಿದ್ದರೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಗಾರೆ ಕಚ್ಚಿಕೊಳ್ಳದೆ ಉದುರುತ್ತದೆ. ಕೆಳಗಿನ ವರಸೆಯ ಸಂದಿನ ನೇರಕ್ಕೆ ಮೇಲಿನ ವರಸೆಯ ಸಂದು ಬಂದರೆ ಗೋಡೆ ಅಲ್ಲೇ ಸೀಳುತ್ತದೆ. ಮತ್ತೆ ಮತ್ತೆ ತೂಗುಗುಂಡು ಬಿಟ್ಟು ನೋಡದಿದ್ದರೆ, ಬುಡದಲ್ಲಿ ಕೂದಲೆಳೆಯಷ್ಟಿದ್ದ ಓರೆ ಲಿಂಟಲ್ ಹೊತ್ತಿಗೆ ಕಣ್ಣಿಗೆ ರಾಚುವಷ್ಟಾಗಿರುತ್ತದೆ. ಮೇಸ್ತ್ರಿಯ ಕೈಗೆ ಇದು ಹತ್ತಲು ವರ್ಷಗಳು ಬೇಕು. ವಿಮಾನದಿಂದ ಇಳಿದವರಿಗೆ ಇರುವುದು ಎರಡು ವಾರ, ಅದರಲ್ಲೂ ಒಂದೆರಡು ದಿನ ಊರು ನೋಡುವುದಕ್ಕೆ. ಟಾಂಜಾನಿಯಾದಲ್ಲಿ ಶಾಲಾ ಹುಡುಗಿಯರ ತಂಡ ಹಗಲು ಕಟ್ಟಿದ ಗ್ರಂಥಾಲಯದ ಗೋಡೆಯನ್ನು ಊರಿನ ಗಂಡಸರು ರಾತ್ರಿ ಕೆಡವಿ ನೆಟ್ಟಗೆ ಕಟ್ಟಿಡುತ್ತಿದ್ದರೆಂದು ಆ ತಂಡದಲ್ಲಿದ್ದ ಪಿಪ್ಪಾ ಬಿಡ್ಲ್ 2014ರಲ್ಲಿ ಬರೆದರು. ಎಚ್ಚರವುಳ್ಳ ಸಂಸ್ಥೆಗಳು ಬಂದವರ ಕೈಗೆ ಕರಣೆ ಕೊಡದೆ ಬಾಂಡ್ಲಿ ಕೊಡುತ್ತವೆ: ಮರಳು ಹೊರುವುದು, ಕಲಸುವುದು, ಬಣ್ಣ ಬಳಿಯುವುದು. ಗೋಡೆಗೇನೋ ಅಪಾಯ ತಪ್ಪಿತು. ಆದರೆ ಅದೇ ಕೆಲಸವನ್ನು ದಿನಗೂಲಿಗೆ ಮಾಡಬಲ್ಲವರು ಆ ಊರಿನಲ್ಲೇ ಇರುತ್ತಾರಲ್ಲ!

ಹಣದ ಲೆಕ್ಕ ಇನ್ನೂ ಇರುಸುಮುರುಸಿನದು. 1998ರ ಮಿಚ್ ಚಂಡಮಾರುತದ ನಂತರ ಹೊಂಡುರಾಸಿನಲ್ಲಿ ಎದ್ದ ಮನೆಗಳ ಬಗ್ಗೆ ಸಮಾಜಶಾಸ್ತ್ರಜ್ಞ ಕರ್ಟ್ ವೆರ್ ಬೀಕ್ ನಡೆಸಿದ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಒಂದು ಮನೆಗೆ ಬಿದ್ದ ಖರ್ಚು ಸುಮಾರು 2,000 ಡಾಲರ್. ಅದನ್ನು ಕಟ್ಟಲು ಉತ್ತರ ಅಮೆರಿಕದಿಂದ ಬಂದ ತಂಡವೊಂದರ ಪ್ರಯಾಣದ ಖರ್ಚು ಸುಮಾರು 30,000. ಹೊರಗಿನವರು ಕಟ್ಟಿದ ಮನೆಯಲ್ಲಿ ಇದ್ದವರಿಗೂ ಊರವರೇ ಕಟ್ಟಿದ ಮನೆಯಲ್ಲಿ ಇದ್ದವರಿಗೂ ಬದುಕಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಬಂದುಹೋದವರಲ್ಲೂ ಅಷ್ಟೆ: ತಾವು ಬದಲಾದೆವೆಂದು ಅವರು ಹೇಳಿಕೊಂಡಷ್ಟು ಬದಲಾವಣೆ ಅವರ ಮುಂದಿನ ನಡೆಯಲ್ಲಿ ಸಿಗಲಿಲ್ಲ.

ಇದಕ್ಕೆ ಸಂಘಟಕರ ಉತ್ತರ ಒಂದಿದೆ: ಪ್ರವಾಸವೇ ಇರದಿದ್ದರೆ ಆ 30,000 ಹುಟ್ಟುತ್ತಲೇ ಇರಲಿಲ್ಲ. ಮಾತು ಅರ್ಧ ನಿಜ. ಸ್ವಯಂಸೇವಕರು ಕಟ್ಟುವ ಶುಲ್ಕದಲ್ಲಿ ಒಂದು ಪಾಲು ದೇಣಿಗೆಯಾಗಿ ಹೋಗುವುದು ರೂಢಿ. ಒಮ್ಮೆ ಬಂದವರು ಮುಂದೆಯೂ ಕೊಡಬಹುದೆಂಬ ಆಸೆಯೂ ಇದೆ. ಹಾಗಿದ್ದರೆ ಇದನ್ನು ನಿಧಿಸಂಗ್ರಹವೆಂದೇ ಕರೆದು, ಎಷ್ಟು ಕೂಡಿತು, ಎಷ್ಟು ಟಿಕೆಟ್ಟಿಗೆ ಹೋಯಿತು ಎಂದು ತೋರಿಸಬೇಕು. ಶ್ರಮದಾನವೆಂಬ ಹೆಸರು ಆ ಲೆಕ್ಕವನ್ನು ಮರೆಮಾಡುತ್ತದೆ. ಮೆಕ್ಸಿಕೊಕ್ಕೆ ಸೇವೆಗೆ ಹೊರಟಿದ್ದ ಅಮೆರಿಕದ ವಿದ್ಯಾರ್ಥಿಗಳಿಗೆ ಚಿಂತಕ ಇವಾನ್ ಇಲಿಚ್ 1968ರಲ್ಲಿ ಮುಖಕ್ಕೆ ಹೊಡೆದಂತೆ ಹೇಳಿದ್ದು ಇನ್ನೂ ಮುಂದಿನದು: ಬರುವುದಾದರೆ ನೋಡಲು ಬನ್ನಿ, ಕಲಿಯಲು ಬನ್ನಿ, ಉದ್ಧಾರಕ್ಕೆ ಬೇಡ ಎಂಬುದು ಅವರ ನಿಲುವು. ಅಷ್ಟು ಕಟುವಾಗುವ ಅಗತ್ಯವಿಲ್ಲವೇನೋ. ಮನೆಯ ಯಜಮಾನಿಯ ಜೊತೆ ಬಿಸಿಲಲ್ಲಿ ನಿಂತು ಇಟ್ಟಿಗೆ ಸಾಗಿಸಿದವರಿಗೆ ಬಡತನ ಭಿತ್ತಿಪತ್ರದ ಚಿತ್ರವಾಗಿ ಉಳಿಯುವುದಿಲ್ಲ ಎಂಬುದೂ ಸುಳ್ಳಲ್ಲ.

2020ರ ಮಾರ್ಚ್‌ನಲ್ಲಿ ಕೋವಿಡ್ ಬಂದು ಹ್ಯಾಬಿಟ್ಯಾಟ್ ತನ್ನ ವಿದೇಶ ತಂಡಗಳನ್ನು ನಿಲ್ಲಿಸಿತು. ವರ್ಷಗಟ್ಟಲೆ ವಿಮಾನದಿಂದ ಯಾರೂ ಇಳಿಯಲಿಲ್ಲ. ಸಂಸ್ಥೆಯ ಮನೆಗಳ ಕೆಲಸ ಮಾತ್ರ, ಊರಿನ ಮೇಸ್ತ್ರಿಗಳ ಕೈಯಲ್ಲಿ, ಕುಂಟುತ್ತಲಾದರೂ ನಡೆದೇ ಇತ್ತು.