ಜೇನ್ ಆಸ್ಟೆನ್ನಳ ಕಾದಂಬರಿಗಳೂ ರಸಿಕರ ವಿನೋದವೂ

ಆಂಗ್ಲ ಕಾದಂಬರೀಕಾರರಲ್ಲಿ ಪಂಡಿತರ ಗೌರವಕ್ಕೂ ಸಾಮಾನ್ಯ ವಾಚಕರ ಸಲುಗೆಗೂ ಜೇನ್ ಆಸ್ಟೆನ್ನಳಷ್ಟು ಸಮಾನವಾಗಿ ಪಾತ್ರರಾದವರು ವಿರಳ. ಮೂರನೆಯ ಜಾರ್ಜ್ ದೊರೆಯು ಚಿತ್ತಸ್ವಾಸ್ಥ್ಯವನ್ನು ಕಳೆದುಕೊಂಡುದರಿಂದ ಯುವರಾಜನು ಪ್ರತಿನಿಧಿಯಾಗಿ ರಾಜ್ಯಭಾರ ಮಾಡಿದ 1811ರಿಂದ 1820ರ ವರೆಗಿನ ಕಾಲವನ್ನು ಆಂಗ್ಲರು ‘ರೀಜೆನ್ಸಿ’ ಎಂದು ಕರೆಯುವರು. ಈಕೆಯ ಆರು ಕಾದಂಬರಿಗಳೂ ಬೆಳಕು ಕಂಡುದು ಆ ಅವಧಿಯಲ್ಲಿಯೇ. ಬದುಕಿದ್ದಾಗ ಪ್ರಕಟವಾದ ನಾಲ್ಕರಲ್ಲಿ ಒಂದರ ಮೇಲಾದರೂ ಆಕೆಯ ಹೆಸರಿಲ್ಲ. 1817ರಲ್ಲಿ ವಿಂಚೆಸ್ಟರಿನ ಮಹಾದೇವಾಲಯದಲ್ಲಿ ಆಕೆಯನ್ನು ಹೂಳಿದ ಎಡೆಯ ಶಿಲೆಯೂ ಆಕೆಯ ಗುಣಗಳನ್ನು ಹೊಗಳುವುದಲ್ಲದೆ ಕಾದಂಬರಿಗಳ ಮಾತನ್ನೆತ್ತದು. ಅಂಥವಳ ಹೆಸರಿನಲ್ಲಿ ಈಗ ಬಾತ್ ನಗರದಲ್ಲಿ ವರ್ಷವರ್ಷವೂ ಉತ್ಸವ ನಡೆಯುತ್ತದೆ. ರಸಿಕರು ಆ ಕಾಲದ ಉಡುಪನ್ನು ತೊಟ್ಟು ಬೀದಿಯಲ್ಲಿ ಮೆರವಣಿಗೆ ಹೊರಡುವರು. ಅಂದಿನ ನೃತ್ಯಗಳನ್ನು ಕಲಿತು ಕುಣಿಯುವರು. ಪಾತ್ರಗಳ ಮುಂದಿನ ಕಥೆಯನ್ನು ತಾವೇ ಬರೆಯುವರು. ಯಾವ ನಟನು ನಿಜವಾದ ಡಾರ್ಸಿಯೆಂದು ಪಕ್ಷ ಕಟ್ಟಿ ಕಾದಾಡುವರು. ವಿದ್ವಾಂಸರಲ್ಲಿ ಅನೇಕರು ಇದನ್ನು ಕಂಡು ಮೂಗು ಮುರಿಯುವುದುಂಟು. ಈ ವಿನೋದವು ಕೃತಿಗೆ ಮಾಡಿದ ಅಪಚಾರವೋ ಅಥವಾ ಸಹೃದಯಧರ್ಮದ ಒಂದು ಬಗೆಯೋ ಎಂಬುದು ವಿಚಾರಾರ್ಹವಾಗಿದೆ.

ಈ ವಾದವು ಹೊಸದಲ್ಲ. ಆಸ್ಟೆನ್ನಳ ಭಕ್ತರಿಗೆ ‘ಜೇನೈಟ್’ ಎಂಬ ಹೆಸರನ್ನು 1894ರಲ್ಲಿ ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕಾದಂಬರಿಗೆ ಮುನ್ನುಡಿ ಬರೆದ ಜಾರ್ಜ್ ಸೇಂಟ್ಸ್‌ಬರಿಯು ಪ್ರೀತಿಯಿಂದಲೇ ಬಳಕೆಗೆ ತಂದನು. 1924ರಲ್ಲಿ ಕಿಪ್ಲಿಂಗನು ಬರೆದ ಅದೇ ಹೆಸರಿನ ಕಥೆಯಲ್ಲಿ ಮೊದಲನೆಯ ಮಹಾಯುದ್ಧದ ಫಿರಂಗಿದಳದವರು ಆಸ್ಟೆನ್ ಭಕ್ತರ ಗುಪ್ತಸಂಘವೊಂದನ್ನು ಕಟ್ಟಿಕೊಂಡು, ಫಿರಂಗಿಗಳಿಗೆ ಆಕೆಯ ಪಾತ್ರಗಳ ಹೆಸರಿಡುವರು. ಸಾವಿನ ಬಾಯಲ್ಲಿ ನಿಂತವರಿಗೂ ಈ ಆಟವು ಬೇಕಾಯಿತೆಂದು ಕಿಪ್ಲಿಂಗನು ಕಲ್ಪಿಸಿದುದು ಅರ್ಥವತ್ತಾಗಿದೆ. ಇದಕ್ಕೆ ಪ್ರತಿಯಾಗಿ ಬಲವಾದ ಆಕ್ಷೇಪವನ್ನೆತ್ತಿದವನು ಡಿ. ಡಬ್ಲ್ಯು. ಹಾರ್ಡಿಂಗ್. ಆಸ್ಟೆನ್ನಳು ಯಾವ ಬಗೆಯ ಜನರನ್ನು ಸಹಿಸಲಾರದೆ ಹೋದಳೋ ಅಂಥವರೇ ಆಕೆಯನ್ನು ಓದಿ ಸುಖಿಸುತ್ತಿರುವರೆಂದು ಆತನು 1940ರ ಪ್ರಬಂಧದಲ್ಲಿ ಸಾಧಿಸಿದನು. ಈ ಮಾತಿನಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಆದರೆ ಅದು ತಗಲುವುದು ನಗೆಯನ್ನು ಮರೆತ ಗಂಭೀರ ಭಕ್ತನಿಗೆ; ತನ್ನನ್ನೂ ಸೇರಿಸಿಕೊಂಡು ನಗಬಲ್ಲ ರಸಿಕನಿಗಲ್ಲ.

ಈ ಆಟಕ್ಕೆ ನಾಂದಿ ಹಾಡಿದವಳು ಆಸ್ಟೆನ್ನಳೇ ಎಂಬುದನ್ನು ಆಕ್ಷೇಪಕರು ಮರೆಯುವರು. 1813ರ ಮೇ ತಿಂಗಳಲ್ಲಿ ಆಕೆ ಲಂಡನ್ನಿನ ಚಿತ್ರಪ್ರದರ್ಶನವೊಂದಕ್ಕೆ ಹೋಗಿ, ತನ್ನ ಕಾದಂಬರಿಯ ಜೇನಳನ್ನು, ಎಂದರೆ ಬಿಂಗ್ಲಿಯ ಪತ್ನಿಯನ್ನು, ಅಲ್ಲಿ ಹುಡುಕಿದಳು. ಹೋಲುವ ಪಟವೊಂದು ಸಿಕ್ಕಿತೆಂದೂ ಡಾರ್ಸಿಯ ಪತ್ನಿಯ ಪಟವು ಮಾತ್ರ ದೊರೆಯಲಿಲ್ಲವೆಂದೂ ಅಕ್ಕನಿಗೆ ಪತ್ರ ಬರೆದಳು. ಕಥೆ ಮುಗಿದ ಮೇಲೆ ಪಾತ್ರಗಳಿಗೆ ಏನಾಯಿತೆಂದು ಮನೆಯ ಮಕ್ಕಳು ಕೇಳಿದರೆ ಉತ್ತರ ಹೇಳುತ್ತಿದ್ದಳೆಂದು ಆಕೆಯ ಸೋದರಳಿಯನು ರಚಿಸಿದ ಚರಿತ್ರೆಯಿಂದ ತಿಳಿದುಬರುತ್ತದೆ: ಕಿಟ್ಟಿಗೆ ಪೆಂಬರ್ಲಿಯ ಸಮೀಪದ ಪಾದ್ರಿಯೊಬ್ಬನೊಡನೆ ವಿವಾಹವಾಯಿತು, ಮೇರಿಗೆ ತಾಯಿಯ ಸೋದರಿಯ ಪತಿಯ ಗುಮಾಸ್ತನಿಗಿಂತ ಹೆಚ್ಚಿನವನು ದೊರೆಯಲಿಲ್ಲ. ‘ನಾರ್ತ್ಯಾಂಗರ್ ಅಬ್ಬಿ’ಯಂತೂ ಭಯಾನಕ ಕಥೆಗಳ ಹುಚ್ಚಿನ ಕನ್ಯೆಯೊಬ್ಬಳನ್ನು ಕುರಿತ ಪರಿಹಾಸವೇ ಆಗಿದೆ. ಆ ಕನ್ಯೆಯು ಹಳೆಯ ಬೀರುವಿನಿಂದ ನಡುಗುವ ಕೈಯಿಂದ ತೆಗೆದ ರಹಸ್ಯಪತ್ರವು ಬೆಳಗ್ಗೆ ನೋಡಿದರೆ ಬಟ್ಟೆ ಒಗೆಯುವವರ ಲೆಕ್ಕ! ಆದರೂ ಅಂಥ ಕಥೆಗಳನ್ನು ಓದುವವರನ್ನು ಹೀಗಳೆಯುವ ಪಂಡಿತಮ್ಮನ್ಯರಿಗೆ ಆ ಪುಸ್ತಕದಲ್ಲಿಯೇ ಕಟುವಾದ ಉತ್ತರವಿದೆ.

ಹಾಗಾದರೆ ಎಲ್ಲ ವಿನೋದವೂ ಸಮವೇ? ಅಲ್ಲ. ಕ್ಷೇಮೇಂದ್ರನು ಹೇಳುವ ಔಚಿತ್ಯವೇ ಇಲ್ಲಿ ಒರೆಗಲ್ಲು. 1995ರ ಬಿ.ಬಿ.ಸಿ. ಧಾರಾವಾಹಿಯಲ್ಲಿ ಡಾರ್ಸಿಯು ಪೆಂಬರ್ಲಿಯ ಕೊಳಕ್ಕೆ ಧುಮುಕಿ, ಒದ್ದೆಯ ಅಂಗಿಯಲ್ಲಿ ಎಲಿಜಬೆತ್ತಳಿಗೆ ಇದಿರಾಗುವನು. ಈ ದೃಶ್ಯವು ಎಷ್ಟು ಪ್ರಸಿದ್ಧವಾಯಿತೆಂದರೆ, 2013ರಲ್ಲಿ ಲಂಡನ್ನಿನ ಸರ್ಪೆಂಟೈನ್ ಸರೋವರದಲ್ಲಿ ನೀರಿನಿಂದೇಳುವ ಡಾರ್ಸಿಯ ಬೃಹದ್ವಿಗ್ರಹವನ್ನೇ ನಿಲ್ಲಿಸಿದರು. ಮೂಲದಲ್ಲಿ ಕೊಳವೂ ಇಲ್ಲ, ಈಜೂ ಇಲ್ಲ. ಅಲ್ಲಿರುವುದು ಇಷ್ಟು: ಮನೆವಾರ್ತೆಯವಳು ಯಜಮಾನನನ್ನು ಬಾಲ್ಯದಿಂದ ಬಲ್ಲವಳಾಗಿ ಕೊಂಡಾಡುವಳು, ಎಲಿಜಬೆತ್ತಳು ಆತನ ಭಾವಚಿತ್ರದ ಮುಂದೆ ನಿಲ್ಲುವಳು, ಬಳಿಕ ಆತನು ಆಕಸ್ಮಿಕವಾಗಿ ಇದಿರಾದಾಗ ಇಬ್ಬರ ಮುಖವೂ ಕೆಂಪಾಗುವುದು. ಅನಂತರ ಆತನು ವ್ಯಾಪಾರದಿಂದ ಜೀವಿಸುವ ಆಕೆಯ ಸೋದರಮಾವನನ್ನು ತಾನಾಗಿಯೇ ಪರಿಚಯ ಮಾಡಿಕೊಂಡು, ತನ್ನ ಹೊಳೆಯಲ್ಲಿ ಮೀನು ಹಿಡಿಯಬಹುದೆಂದು ಆಹ್ವಾನಿಸುವನು. ಕುಲಗರ್ವವು ಕರಗಿತೆಂಬುದಕ್ಕೆ ಈ ಮೀನಿನ ಗಾಳವೇ ಅನುಭಾವ. ಗುಣದಿಂದ ಹುಟ್ಟಬೇಕಾದ ರತಿಯನ್ನು ಧಾರಾವಾಹಿಯು ರೂಪದಿಂದ ಹುಟ್ಟಿಸಿತು. ದೃಶ್ಯವು ಮನೋಹರವಾಗಿಲ್ಲವೆಂದಲ್ಲ, ಅದನ್ನೇ ಮೂಲವೆಂದು ನಂಬಿದವನಿಗೆ ಮೂಲದ ಸೂಕ್ಷ್ಮವು ನಷ್ಟವಾಗುತ್ತದೆ.

ಶೃಂಗಾರದ ಅನುಕೃತಿಯೇ ಹಾಸ್ಯವೆಂದು ಭರತಮುನಿಯ ಮತ. ಆಸ್ಟೆನ್ನಳಲ್ಲಿ ಈ ಎರಡೂ ಒಂದೇ ಮನೆಯಲ್ಲಿ ವಾಸಿಸುವುವು. ಕಾಲಿನ್ಸನು ತಾನು ಮದುವೆಯಾಗಲು ಕಾರಣಗಳನ್ನು ಒಂದೊಂದಾಗಿ ಎಣಿಸಿ ಎಲಿಜಬೆತ್ತಳನ್ನು ಬೇಡುವಾಗ ಓದುಗನು ನಗುವನು. ಮುಂದೆ ಡಾರ್ಸಿಯು ಮೊದಲ ಬಾರಿ ಬೇಡುವಾಗಲೂ ಮಾತೆಲ್ಲ ತನ್ನ ವಿಷಯವೇ. ಆತನಿಗೂ ನಿರಾಕರಣೆಯ ಶಂಕೆಯೇ ಇಲ್ಲ. ನಾಯಕನು ವಿದೂಷಕನ ಹೆಜ್ಜೆಯಲ್ಲಿಯೇ ನಡೆದಿರುವನು! ಡಾರ್ಸಿಯನ್ನು ಧೀರೋದಾತ್ತನಾಗಿ ಪೂಜಿಸುವವರಿಗೆ ಇದು ಕಾಣದು; ಆತನನ್ನು ಗೇಲಿ ಮಾಡುತ್ತ ಪ್ರೀತಿಸುವವರಿಗೆ ಕಾಣುತ್ತದೆ. ತನಗೆ ಪ್ರೇಮವು ಅಂಕುರಿಸಿದುದು ಪೆಂಬರ್ಲಿಯ ಉಪವನವನ್ನು ಕಂಡಂದಿನಿಂದ ಎಂದು ಎಲಿಜಬೆತ್ತಳು ಅಕ್ಕನೊಡನೆ ವಿನೋದವಾಡುವಳು. ವಾಲ್ಟರ್ ಸ್ಕಾಟನಂಥ ಮಹಾಲೇಖಕನು ತನ್ನ ವಿಮರ್ಶೆಯಲ್ಲಿ ಈ ವಿನೋದವನ್ನೇ ಕಥಾಸಾರವೆಂಬಂತೆ ಬರೆದುಬಿಟ್ಟನು. ಇಂದಿನ ಹುಡುಗಾಟದ ರಸಿಕರು ಈ ವಿಷಯದಲ್ಲಿ ಆತನಿಗಿಂತ ಎಚ್ಚರವುಳ್ಳವರು.

ಆ ವಿನೋದದ ಹಿಂದೆ ಹಣದ ಲೆಕ್ಕವೂ ಇದೆ. ಡಾರ್ಸಿಯ ವಾರ್ಷಿಕ ಆದಾಯ 10,000 ಪೌಂಡು, ಬೆನೆಟ್ಟನದು 2,000. ಅದೂ ಹೆಣ್ಣುಮಕ್ಕಳಿಗೆ ದಕ್ಕದೆ ದಾಯಾದಿಯಾದ ಕಾಲಿನ್ಸನಿಗೆ ಸಲ್ಲತಕ್ಕದ್ದು. 27 ವರ್ಷದ ಷಾರ್ಲಟ್ಟಳು ಅದೇ ಕಾಲಿನ್ಸನನ್ನು ಕಣ್ಣಾರೆ ನೋಡಿಯೂ ವರಿಸಿದುದು ಈ ಲೆಕ್ಕದಿಂದಲೇ. ಉಡುಪು, ನೃತ್ಯಗಳನ್ನು ಮಾತ್ರ ಉಳಿಸಿಕೊಂಡು ಇದನ್ನು ಬಿಟ್ಟ ರೂಪಾಂತರಗಳು ನೀರಸವಾಗುವುವು. ಉಡುಪನ್ನು ಬಿಟ್ಟು ಇದನ್ನು ಉಳಿಸಿಕೊಂಡವು ಗೆಲ್ಲುವುವು. ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ಯನ್ನು ಅನುಸರಿಸಿ ರಾಜೀವ್ ಮೇನನ್ 2000ದಲ್ಲಿ ನಿರ್ದೇಶಿಸಿದ ‘ಕಂಡುಕೊಂಡೇನ್ ಕಂಡುಕೊಂಡೇನ್’ ಎಂಬ ತಮಿಳು ಚಿತ್ರದಲ್ಲಿ ಮನೆಯ ಹಕ್ಕು ಕೈತಪ್ಪಿ ತಾಯಿಯೂ ಹೆಣ್ಣುಮಕ್ಕಳೂ ಚೆನ್ನೈಗೆ ಹೊರಡುವ ಭಾಗವು ಮೂಲದ ನೋವಿಗೆ ಬಹಳ ಹತ್ತಿರವಾಗಿದೆ. ‘ಎಮ್ಮಾ’ ಕಥೆಯನ್ನು ಅಮೆರಿಕದ ಶಾಲಾಬಾಲಿಕೆಯರಿಗೆ ಹೊಂದಿಸಿದ 1995ರ ‘ಕ್ಲೂಲೆಸ್’ ಚಿತ್ರವು ಪರರ ಮದುವೆ ಕುದುರಿಸಲು ಹೋಗಿ ತನ್ನ ಮನಸ್ಸನ್ನೇ ಅರಿಯದ ನಾಯಿಕೆಯ ಭ್ರಮೆಯನ್ನು ಚೆನ್ನಾಗಿ ಹಿಡಿದಿದೆ. 2009ರಲ್ಲಿ ಬಂದ, ಬೆನೆಟ್ ಸೋದರಿಯರು ನಡೆದಾಡುವ ಹೆಣಗಳೊಡನೆ ಹೋರಾಡುವ ಗ್ರಂಥದಲ್ಲಿ ಮಾತ್ರ ಪರಿಹಾಸವು ಶೀರ್ಷಿಕೆಯಲ್ಲಿಯೇ ಮುಗಿದುಹೋಗುತ್ತದೆ.

2017ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ 10 ಪೌಂಡಿನ ನೋಟಿನ ಮೇಲೆ ಆಸ್ಟೆನ್ನಳ ಚಿತ್ರವನ್ನು ಅಚ್ಚುಹಾಕಿಸಿತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ ಕೃತಿಯ ಹಕ್ಕನ್ನು ಆಕೆ ಮಾರಿದುದು 110 ಪೌಂಡಿಗೆ, ಎಂದರೆ ಅಂಥ ಹನ್ನೊಂದು ನೋಟುಗಳಿಗೆ. ಚಿತ್ರದ ಕೆಳಗೆ ಓದಿನ ಸುಖವನ್ನು ಹೊಗಳುವ ವಾಕ್ಯವೊಂದಿದೆ. ಕಾದಂಬರಿಯಲ್ಲಿ ಅದನ್ನು ನುಡಿದವಳು ಬಿಂಗ್ಲಿಯ ತಂಗಿ ಕೆರೊಲೈನಳು. ಡಾರ್ಸಿಯು ಓದುತ್ತಿದ್ದ ಪುಸ್ತಕದ ಎರಡನೆಯ ಸಂಪುಟವೆಂಬ ಒಂದೇ ಕಾರಣಕ್ಕೆ ಅದನ್ನು ಕೈಗೆತ್ತಿಕೊಂಡು, ಓದಲಾರದೆ ಆಕಳಿಸಿ, ಆತನ ಗಮನವನ್ನು ಸೆಳೆಯಲೆಂದು ಆಡಿದ ಮಾತು ಅದು. 2013ರಲ್ಲಿ ನೋಟಿನ ಮಾದರಿಯು ಪ್ರಕಟವಾದ ಕೂಡಲೆ ಆಸ್ಟೆನ್ನಳ ರಸಿಕರು ನಕ್ಕರು. ಬ್ಯಾಂಕು ವಾಕ್ಯವನ್ನು ಬದಲಾಯಿಸಲಿಲ್ಲ.