ಕೆಟ್ಟುನಿಂತ ಟ್ಯಾಂಕನ್ನು ಎಳೆಯುವವರು ಯಾರು? - ಯಂತ್ರ, ಯುದ್ಧ ಮತ್ತು ರೋಚಕ ಕಾದಂಬರಿಗಳು

ಮಾರಿಕುಪ್ಪಂನಲ್ಲಿ ಬೆಳಗಿನ ರೈಲು ಹತ್ತಿ, ಬಂಗಾರಪೇಟೆ ಮಾರ್ಗವಾಗಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವ ಸಾವಿರಾರು ಜನರಲ್ಲಿ ನೀವೂ ಒಬ್ಬರಾಗಿದ್ದರೆ ನಿಮಗೆ ದಿನಕ್ಕೆ ಮೂರು ನಾಲ್ಕು ಗಂಟೆ ಓದಲು ಸಿಗುತ್ತದೆ. ಕೂರಲು ಜಾಗ ಸಿಕ್ಕಿದರೆ! ಆ ಹೊತ್ತಿಗೆ ಹೊಂದುವ ಪುಸ್ತಕಗಳೆಂದರೆ ತಂತ್ರಜ್ಞಾನದ ರೋಚಕ ಕಾದಂಬರಿಗಳು ಮತ್ತು ಯುದ್ಧವನ್ನು ಕುರಿತ ವಿಜ್ಞಾನ ಕಾದಂಬರಿಗಳು. ಸಾಹಿತ್ಯ ವಿಮರ್ಶಕರಿಗೆ ಇವುಗಳ ಬಗ್ಗೆ ಅಸಡ್ಡೆ. ಅದರಿಂದಾಗಿ ಒಳ್ಳೆಯದು ಯಾವುದು, ಜೊಳ್ಳು ಯಾವುದು ಎಂದು ಹೇಳುವವರೂ ಇಲ್ಲವಾಗಿದ್ದಾರೆ.

ಕೋಲಾರ ಚಿನ್ನದ ಗಣಿಯ ಓದುಗರ ಬಳಿ ಇದಕ್ಕೆ ಒಂದು ಒರೆಗಲ್ಲು ಇದೆ. 1964ರಲ್ಲಿ ಸ್ಥಾಪನೆಯಾದ ಬಿ.ಇ.ಎಂ.ಎಲ್.ನ ಇಲ್ಲಿನ ಕಾರ್ಖಾನೆ ಬುಲ್‌ಡೋಜರುಗಳ ಜೊತೆಗೆ, ಯುದ್ಧಭೂಮಿಯಲ್ಲಿ ಕೆಟ್ಟುನಿಂತ ಟ್ಯಾಂಕನ್ನು ಎಳೆದು ತರುವ ಕವಚವಾಹನಗಳನ್ನೂ ತಯಾರಿಸಿದೆ. ಸೇನೆಯ ಎಂಜಿನಿಯರುಗಳು ಯಾವುದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆಂದು ಈ ಊರಿಗೆ ಗೊತ್ತು. ಟ್ಯಾಂಕು ಗುಂಡು ಹಾರಿಸುವುದನ್ನು ಎಲ್ಲರೂ ಬರೆಯುತ್ತಾರೆ. ಅದರ ಗೇರ್‌ಬಾಕ್ಸ್ ಕೈಕೊಟ್ಟಾಗ ಏನಾಗುತ್ತದೆ ಎಂದು ಬರೆಯುವವರು ಎಷ್ಟು ಜನ? ನಾನು ಪುಸ್ತಕಗಳನ್ನು ಆರಿಸುವುದು ಈ ಪ್ರಶ್ನೆಯಿಂದ.

ಮೊದಲು ಹಳೆಯದೊಂದು. ಎಚ್.ಜಿ. ವೆಲ್ಸ್ 1903ರಲ್ಲಿ 'ದಿ ಲ್ಯಾಂಡ್ ಐರನ್‌ಕ್ಲಾಡ್ಸ್' ಎಂಬ ಸಣ್ಣ ಕಥೆ ಬರೆದರು. ಕಂದಕ ದಾಟಿ ನುಗ್ಗುವ ಉಕ್ಕಿನ ದೈತ್ಯಯಂತ್ರಗಳು, ಒಳಗೆ ಕುಳಿತು ಲೆಕ್ಕಾಚಾರದಂತೆ ಗುರಿಯಿಡುವ ಸೈನಿಕರು. ನಿಜವಾದ ಟ್ಯಾಂಕು ರಣರಂಗಕ್ಕೆ ಬಂದದ್ದು 1916ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ಸೋಮ್ ಪ್ರದೇಶದಲ್ಲಿ. ಭವಿಷ್ಯ ನುಡಿದರೆಂದು ವೆಲ್ಸ್‌ರನ್ನು ಹೊಗಳುವುದು ವಾಡಿಕೆ. ನನಗೆ ಅದಕ್ಕಿಂತ ಮೆಚ್ಚುಗೆಯಾದದ್ದು ಬೇರೆ: ಕುದುರೆ ಸವಾರರ ಪಡೆಯನ್ನು ಸೋಲಿಸುವವರು ವೀರರಲ್ಲ, ಎಂಜಿನ್ ನಡೆಸಬಲ್ಲ ನಗರದ ಸಾಮಾನ್ಯ ನೌಕರರು. ಶೌರ್ಯದ ಜಾಗಕ್ಕೆ ಕಸುಬು ಬಂದು ಕುಳಿತ ಕ್ಷಣವನ್ನು ಅವರು ಹಿಡಿದಿದ್ದಾರೆ.

ಆದರೆ ಒಂದನ್ನೇ ಓದುವುದಾದರೆ ಆರ್ಥರ್ ಸಿ. ಕ್ಲಾರ್ಕ್‌ರ 'ಸುಪೀರಿಯಾರಿಟಿ' ಓದಿ. 1951ರ ಈ ಕಥೆ ಕೆಲವೇ ಪುಟಗಳದ್ದು. ಸೋತ ಸೇನಾಪತಿಯೊಬ್ಬ ಸೆರೆಮನೆಯಿಂದ ತನ್ನ ಹೇಳಿಕೆ ಕೊಡುತ್ತಾನೆ: ನಾವು ಸೋತದ್ದು ನಮ್ಮ ವಿಜ್ಞಾನ ಶತ್ರುವಿನದಕ್ಕಿಂತ ಮುಂದಿದ್ದುದರಿಂದ! ಪ್ರತಿ ಹೊಸ ಅಸ್ತ್ರವೂ ಅದ್ಭುತ. ಆದರೆ ಅದು ಬರುವವರೆಗೆ ಹಳೆಯದರ ತಯಾರಿಕೆ ನಿಂತಿರುತ್ತದೆ. ಯುದ್ಧ ನಡೆಸುವ ವಿದ್ಯುನ್ಮಾನ ಮಿದುಳಿಗೆ ನೂರಾರು ತಂತ್ರಜ್ಞರು ಬೇಕು. ಅವರನ್ನು ಹೊತ್ತ ಹಡಗೇ ನಾಶವಾಗುತ್ತದೆ. ಕೊನೆಯ ಅಸ್ತ್ರವಂತೂ ಹಡಗನ್ನು ದೂರ ಸರಿಸಿ ಮತ್ತೆ ತರುತ್ತದೆ, ಆದರೆ ಅಳತೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಉಳಿಸುತ್ತದೆ. ಒಂದು ಹಡಗಿನ ಬಿಡಿಭಾಗ ಇನ್ನೊಂದಕ್ಕೆ ಕೂರುವುದಿಲ್ಲ. ಲೇತ್ ಮುಂದೆ ನಿಂತು ಮೈಕ್ರೋಮೀಟರ್ ಹಿಡಿದವರಿಗೆ ಈ ಸೋಲಿನ ಭಯಂಕರತೆಯನ್ನು ವಿವರಿಸಬೇಕಾಗಿಲ್ಲ. ದೊಡ್ಡ ದೊಡ್ಡ ಕಾದಂಬರಿಗಳು ಹೇಳಲಾರದ್ದನ್ನು ಈ ಪುಟ್ಟ ಕಥೆ ನಗುನಗುತ್ತಲೇ ಹೇಳುತ್ತದೆ.

ಟಾಮ್ ಕ್ಲಾನ್ಸಿಯವರ 'ದಿ ಹಂಟ್ ಫಾರ್ ರೆಡ್ ಅಕ್ಟೋಬರ್' (1984) ಹೆಸರು ನೀವು ಕೇಳಿಯೇ ಇರುತ್ತೀರಿ. ಸದ್ದಿಲ್ಲದೆ ಚಲಿಸುವ ಸೋವಿಯತ್ ಜಲಾಂತರ್ಗಾಮಿ, ಅದನ್ನು ಕಿವಿಯಿಂದಲೇ ಹುಡುಕುವ ಸೋನಾರ್ ತಂತ್ರಜ್ಞ. ಆ ಭಾಗಗಳು ಇಂದಿಗೂ ಉಸಿರು ಬಿಗಿಹಿಡಿಸುತ್ತವೆ. ಕ್ಲಾನ್ಸಿಯ ನಂತರದ ಕಾದಂಬರಿಗಳು ಮಾತ್ರ ಉಬ್ಬುತ್ತಾ ಹೋದವು. ಅಸ್ತ್ರಗಳ ಪಟ್ಟಿ ಬೆಳೆಯಿತು, ಮನುಷ್ಯರು ತೆಳುವಾದರು. ಮೊದಲನೆಯದಕ್ಕೆ ನಿಲ್ಲಿಸಿದರೆ ನಷ್ಟವಿಲ್ಲ. ಮೈಕೆಲ್ ಕ್ರೈಟನ್‌ರ 'ಏರ್‌ಫ್ರೇಮ್' (1996) ಸೇನೆಯ ಕಥೆಯಲ್ಲ, ಆದರೂ ಸೇರಿಸುತ್ತೇನೆ. ಹಾರಾಟದ ನಡುವೆ ವಿಮಾನವೊಂದು ಏಕೆ ತತ್ತರಿಸಿತು ಎಂಬುದನ್ನು ಕಾರ್ಖಾನೆಯ ಗುಣಮಟ್ಟ ವಿಭಾಗದ ಮಹಿಳೆ ಪತ್ತೆಹಚ್ಚುತ್ತಾಳೆ. ಕಾರಣವನ್ನು ಇಲ್ಲಿ ಹೇಳಿ ನಿಮ್ಮ ಕುತೂಹಲ ಕೆಡಿಸುವುದಿಲ್ಲ.

ಜೋ ಹಾಲ್ಡ್‌ಮನ್‌ರ 'ದಿ ಫಾರೆವರ್ ವಾರ್' (1974) ಬೇರೆಯೇ ತೂಕದ ಪುಸ್ತಕ. ಹಾಲ್ಡ್‌ಮನ್ ಭೌತವಿಜ್ಞಾನ ಓದಿದವರು. ವಿಯೆಟ್ನಾಂನಲ್ಲಿ ಸೇನೆಯ ಎಂಜಿನಿಯರ್ ಪಡೆಯಲ್ಲಿದ್ದು ಗಾಯಗೊಂಡವರು. ಸಾಪೇಕ್ಷತಾ ಸಿದ್ಧಾಂತದ ಪ್ರಕಾರ ನೌಕೆಯೊಂದು ಬೆಳಕಿನ ವೇಗದ ಶೇ. 99ರಷ್ಟು ವೇಗದಲ್ಲಿ ಸಾಗಿದರೆ ಒಳಗಿನವರ ಒಂದು ವರ್ಷ ಭೂಮಿಯ ಏಳು ವರ್ಷಗಳಿಗೆ ಸಮ. ಈ ಲೆಕ್ಕವನ್ನು ಅವರು ಸೈನಿಕನ ಸಂಕಟವನ್ನಾಗಿ ಮಾಡಿದ್ದಾರೆ. ಪ್ರತಿ ಸಲ ಮರಳಿದಾಗ ಊರು ಬದಲಾಗಿರುತ್ತದೆ, ತನ್ನವರು ಇರುವುದಿಲ್ಲ, ಯುದ್ಧ ಏಕೆಂದು ನೆನಪಿರುವವರೂ ಇಲ್ಲ. ರಾಬರ್ಟ್ ಹೈನ್‌ಲೈನ್‌ರ 'ಸ್ಟಾರ್‌ಶಿಪ್ ಟ್ರೂಪರ್ಸ್' (1959) ಸೈನಿಕ ಶಿಸ್ತನ್ನು ಮೆರೆಸುವ ಕಾದಂಬರಿ. ಎರಡನ್ನೂ ಒಂದರ ಹಿಂದೊಂದು ಓದಿ ನೋಡಿ. ನನ್ನ ಮತ ಹಾಲ್ಡ್‌ಮನ್‌ಗೆ.

ಕನ್ನಡದಲ್ಲಿ? ರಾಜಶೇಖರ ಭೂಸನೂರಮಠ, ಮನು ಮುಂತಾದವರು ವಿಜ್ಞಾನ ಕಥೆಗೆ ದಾರಿ ಮಾಡಿದವರು. ರೋಚಕ ಕಾದಂಬರಿಯ ಮಟ್ಟಿಗೆ ಮೊದಲು ಹೇಳಬೇಕಾದ ಹೆಸರು ನಮ್ಮ ಕೋಲಾರ ಜಿಲ್ಲೆಯವರೇ ಆದ ಕೃಷಿವಿಜ್ಞಾನಿ ಕೆ.ಎನ್. ಗಣೇಶಯ್ಯ. 'ಕನಕ ಮುಸುಕು' ಹೊಯ್ಸಳ ಶಿಲ್ಪಗಳ ಕೈಯಲ್ಲಿರುವ ಮುಸುಕಿನ ಜೋಳದಂತಹ ವಸ್ತುವಿನಿಂದ ಹುಟ್ಟಿದ್ದು. ಅಮೆರಿಕದ ಬೆಳೆ ಕೊಲಂಬಸನಿಗಿಂತ ಮೊದಲೇ ಇಲ್ಲಿ ಹೇಗೆ ಬಂತು? 1989ರಲ್ಲಿ ಕಾರ್ಲ್ ಯೋಹಾನ್ಸೆನ್ ಮತ್ತು ಆನ್ ಪಾರ್ಕರ್ ಅದು ಜೋಳವೇ ಎಂದು ವಾದಿಸಿದರು. ಅಲ್ಲ ಎಂದು ನಮ್ಮ ಸಸ್ಯವಿಜ್ಞಾನಿಗಳು ಉತ್ತರಿಸಿದರು. ಗಣೇಶಯ್ಯನವರು ಕಥೆಯ ಜೊತೆಗೇ ಅಡಿಟಿಪ್ಪಣಿ, ಆಕರಗಳನ್ನು ಕೊಡುತ್ತಾರೆ. 2015ರ ಅಮೆರಿಕನ್ ಯುದ್ಧ ಕಾದಂಬರಿ 'ಘೋಸ್ಟ್ ಫ್ಲೀಟ್' ಹೀಗೆ ಟಿಪ್ಪಣಿ ಹೊತ್ತು ಬಂದು ಸುದ್ದಿಯಾಗುವ ಎಷ್ಟೋ ಮೊದಲೇ ಕನ್ನಡದಲ್ಲಿ ಅದು ನಡೆದಿತ್ತು. ಈ ಪದ್ಧತಿ ಓದುಗರನ್ನು ಗ್ರಂಥಾಲಯಕ್ಕೆ ಕಳಿಸುತ್ತದೆ, ಅದು ಅದರ ಬಲ. ಟಿಪ್ಪಣಿ ಇದೆಯೆಂಬ ಕಾರಣಕ್ಕೆ ಕಥೆಯೂ ಇತಿಹಾಸವೆಂದು ನಂಬುವವರಿದ್ದಾರೆ, ಅದು ಅಪಾಯ. ಪಾತ್ರಗಳು ಪರಸ್ಪರ ಪಾಠ ಹೇಳುತ್ತಾ ನಿಲ್ಲುವುದೂ ಉಂಟು. ಹಾಗಿದ್ದೂ ಓದಲೇಬೇಕು, ಟಿಪ್ಪಣಿಯನ್ನು ಬೇರೆ ಕಣ್ಣಿನಿಂದ, ಕಥೆಯನ್ನು ಬೇರೆ ಕಣ್ಣಿನಿಂದ.

2018 ಮತ್ತು 2022ರ ಚಲನಚಿತ್ರಗಳಿಂದ ಕೆ.ಜಿ.ಎಫ್. ಎಂಬ ಮೂರಕ್ಷರ ದೇಶಕ್ಕೆಲ್ಲ ಗೊತ್ತಾಯಿತು. ಅದರಲ್ಲಿ ಸುತ್ತಿಗೆ, ಬಂದೂಕು ಧಾರಾಳ. ಗಣಿಯ ತಂತ್ರಜ್ಞಾನ ಮಾತ್ರ ಇಲ್ಲ. ನಿಜವಾದ ಚಾಂಪಿಯನ್ ರೀಫ್ 3 ಕಿಲೋಮೀಟರಿಗೂ ಆಳ. ಶಿಲಾಸ್ಫೋಟ ಎಲ್ಲಿ ಆಯಿತೆಂದು ಕಂಪನಮಾಪಕಗಳಿಗೆ ಅಲೆ ಮುಟ್ಟಿದ ಹೊತ್ತಿನ ವ್ಯತ್ಯಾಸದಿಂದ ಲೆಕ್ಕಹಾಕಬೇಕಿತ್ತು. ಕ್ಲಾನ್ಸಿಯ ಸೋನಾರ್ ತಂತ್ರಜ್ಞನ ಕೆಲಸಕ್ಕಿಂತ ಇದು ಯಾವುದರಲ್ಲಿ ಕಡಿಮೆ? 2007ರವರೆಗೆ ಇದೇ ಜಿಲ್ಲೆಯಲ್ಲಿದ್ದ ಗೌರಿಬಿದನೂರಿನ ಕಂಪನಮಾಪಕ ಜಾಲ ದೂರದೇಶಗಳ ಭೂಗರ್ಭ ಅಣುಸ್ಫೋಟಗಳಿಗೆ ಕಿವಿಗೊಟ್ಟು ಕುಳಿತದ್ದು. ಸ್ಫೋಟ ಎಲ್ಲ ದಿಕ್ಕಿಗೂ ಹೊರಕ್ಕೆ ತಳ್ಳುತ್ತದೆ. ಭೂಕಂಪ ಕೆಲವು ದಿಕ್ಕಿಗೆ ತಳ್ಳಿ, ಕೆಲವು ದಿಕ್ಕಿನಿಂದ ಎಳೆಯುತ್ತದೆ. ಆ ಮೊದಲ ಅಲುಗಾಟದ ಮೇಲೆ ಒಂದು ದೇಶದ ಸುಳ್ಳು ಬಯಲಾಗಬಹುದು.

ಇನ್ನೊಂದು ಕಥೆಯಂತೂ ಬರೆಯುವವರಿಗಾಗಿ ಕಾದಿದೆ. 1960ರ ದಶಕದಲ್ಲಿ ಎರಡು ಚಿನ್ನದ ಗಣಿಗಳಲ್ಲಿ, ಒಂದು ನಮ್ಮದು, ಇನ್ನೊಂದು ದಕ್ಷಿಣ ಆಫ್ರಿಕದ್ದು, ಎರಡು ತಂಡಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋವನ್ನು ಹಿಡಿಯಲು ಹೊರಟವು. ಇತರ ಕಣಗಳನ್ನೆಲ್ಲ ಮೇಲಿನ ಬಂಡೆಯೇ ಸೋಸಲಿ ಎಂದು ಭಾರತ, ಜಪಾನ್, ಬ್ರಿಟನ್ನಿನ ವಿಜ್ಞಾನಿಗಳು ಇಲ್ಲಿ 2.3 ಕಿಲೋಮೀಟರ್ ಆಳದಲ್ಲಿ ಶೋಧಕಗಳನ್ನು ಇಟ್ಟರು. ಎರಡೂ ತಂಡಗಳ ವರದಿಗಳು 1965ರ ಆಗಸ್ಟಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಅಚ್ಚಾದವು. 1980ರ ದಶಕದಲ್ಲಿ ಅಷ್ಟೇ ಆಳದಲ್ಲಿ 140 ಟನ್ ತೂಕದ ಶೋಧಕವೊಂದು ಪ್ರೋಟಾನ್ ಸಾಯುವುದೇ ಎಂದು ಕಾದಿತ್ತು. 2001ರ ಫೆಬ್ರವರಿ ಕೊನೆಯಲ್ಲಿ ಗಣಿಯನ್ನು ಮುಚ್ಚಿದರು. ಪಂಪುಗಳು ನಿಂತವು, ಕೆಳಗಿನ ಹಂತಗಳನ್ನು ನೀರು ತುಂಬಿಕೊಂಡಿತು.