ಆ ಒಂದು ರಾತ್ರಿ, ಆಮೇಲಿನ ಹಗಲುಗಳು

ವೆಲ್ಲೂರು ಎಂದರೆ ನಮ್ಮ ಕಡೆಯವರಿಗೆ ಒಂದು ಆಸ್ಪತ್ರೆಯ ಹೆಸರು. ಅಲ್ಲೊಂದು ಕೋಟೆಯಿದೆ, ಪೇಟೆಯಿದೆ ಎಂಬುದು ಆಮೇಲೆ ಗೊತ್ತಾಗುವ ಸಂಗತಿ. ‘ಇಲ್ಲಿ ಆಗೋದಿಲ್ಲವಂತೆ, ವೆಲ್ಲೂರಿಗೆ ಕರಕೊಂಡು ಹೋಗಿ ಅಂದ್ರು’ ಎಂಬ ಮಾತನ್ನು ನೀವೂ ಯಾರ ಮನೆಯಲ್ಲಾದರೂ ಕೇಳಿಯೇ ಇರುತ್ತೀರಿ. ನಮ್ಮಂಥ ಕ್ರೈಸ್ತರ ಮನೆಗಳಲ್ಲಿ ಆ ಆಸ್ಪತ್ರೆಗೆ ಒಂದು ಕಥೆಯೂ ಅಂಟಿಕೊಂಡಿದೆ. ಸಂಡೇ ಸ್ಕೂಲಿನಲ್ಲಿ, ಸ್ತ್ರೀಯರ ಸಂಘದ ವಾರ್ಷಿಕೋತ್ಸವದಲ್ಲಿ, ಭಾನುವಾರದ ಪ್ರಸಂಗದಲ್ಲಿ ಅದು ತಪ್ಪದೆ ಬರುತ್ತದೆ. ಕಥೆಯ ಬಗ್ಗೆ ನನಗೆ ಪ್ರೀತಿಯಿದೆ. ಅದನ್ನು ಹೇಳುವ ರೀತಿಯ ಬಗ್ಗೆ ಮಾತ್ರ ಒಂದು ತಕರಾರಿದೆ.

ಗೊತ್ತಿಲ್ಲದವರಿಗಾಗಿ ಚುಟುಕಾಗಿ ಹೇಳಿಬಿಡುತ್ತೇನೆ. ಐಡಾ ಸ್ಕಡರ್ 1870ರಲ್ಲಿ ರಾಣಿಪೇಟೆಯಲ್ಲಿ ಹುಟ್ಟಿದ ಅಮೆರಿಕನ್ ಹುಡುಗಿ. ತಾತ, ಅಪ್ಪ ಇಬ್ಬರೂ ಮಿಷನರಿ ವೈದ್ಯರು. ಈಕೆಗೆ ಮಾತ್ರ ಇಲ್ಲಿನ ಬಿಸಿಲೂ ಬೇಡ, ಬಡತನದ ನೋಟವೂ ಬೇಡ. ಓದು ಮುಗಿಸಿ ಅಮೆರಿಕದಲ್ಲೇ ಇರಬೇಕೆಂದುಕೊಂಡಿದ್ದವರು, ಕಾಯಿಲೆ ಬಿದ್ದ ತಾಯಿಯನ್ನು ನೋಡಿಕೊಳ್ಳಲು ತಿಂಡಿವನಕ್ಕೆ ಬಂದರು. ಅಲ್ಲಿ ಒಂದು ರಾತ್ರಿ ಒಬ್ಬರಾದ ಮೇಲೊಬ್ಬರಂತೆ ಮೂವರು ಗಂಡಸರು ಬಂದರು. ಮೂವರ ಹೆಂಡಂದಿರಿಗೂ ಹೆರಿಗೆ ಕಷ್ಟವಾಗಿತ್ತು. ನನಗೆ ವೈದ್ಯ ಗೊತ್ತಿಲ್ಲ, ನಮ್ಮಪ್ಪ ಬರುತ್ತಾರೆ ಎಂದರೆ ಅವರು ಒಪ್ಪಲಿಲ್ಲ. ಪರಗಂಡಸು ಮುಟ್ಟುವಂತಿಲ್ಲವಲ್ಲ! ಬೆಳಗಾಗುವಷ್ಟರಲ್ಲಿ ಮೂವರು ಹೆಂಗಸರೂ ಸತ್ತಿದ್ದರು. ವೈದ್ಯೆಯಾಗಬೇಕೆಂದು ಐಡಾ ತೀರ್ಮಾನಿಸಿದ್ದು ಆಗ.

ಡೊರೊಥಿ ಕ್ಲಾರ್ಕ್ ವಿಲ್ಸನ್ ಬರೆದ ‘ಡಾಕ್ಟರ್ ಐಡಾ’ ಎಂಬ ಜೀವನಚರಿತ್ರೆ 1959ರಲ್ಲಿ ಬಂತು. ಕಾದಂಬರಿಯಂತೆ ಓದಿಸಿಕೊಂಡು ಹೋಗುವ ಪುಸ್ತಕ. ನಾನು ಎರಡು ಸಲ ಓದಿದ್ದೇನೆ. ಆದರೆ ಪುಸ್ತಕದಿಂದ ಪೀಠಕ್ಕೆ ಬರುವಷ್ಟರಲ್ಲಿ ಉಳಿಯುವುದು ಆ ರಾತ್ರಿ ಮಾತ್ರ. ಕರೆ ಬಂತು, ಓಗೊಟ್ಟರು, ಆಸ್ಪತ್ರೆ ಎದ್ದಿತು, ಆಮೆನ್. ಕೇಳುತ್ತಿರುವ ನಾವು ಕಣ್ಣೊರೆಸಿಕೊಂಡು ಕಾಫಿಗೆ ಏಳುತ್ತೇವೆ.

ಆ ರಾತ್ರಿಗೂ 1902ರಲ್ಲಿ ಬಾಗಿಲು ತೆರೆದ 40 ಹಾಸಿಗೆಯ ಆಸ್ಪತ್ರೆಗೂ ನಡುವೆ ಹಲವು ವರ್ಷಗಳ ಕಾಲವಿದೆ. ಅದರಲ್ಲಿ ಬಹುಪಾಲು ಪರೀಕ್ಷೆಗೆ ಓದಿದ್ದು, ದುಡ್ಡು ಕೇಳಿದ್ದು. ಮೊದಲು ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜು, ಆಮೇಲೆ ಕಾರ್ನೆಲ್. 1899ರಲ್ಲಿ ಪದವಿ. ಹೊರಡುವ ಮುಂಚೆ ನ್ಯೂಯಾರ್ಕಿನ ಶೆಲ್ ಎಂಬ ಬ್ಯಾಂಕರು ತೀರಿಕೊಂಡ ತಮ್ಮ ಹೆಂಡತಿಯ ನೆನಪಿಗೆ ಹತ್ತು ಸಾವಿರ ಡಾಲರು ಕೊಟ್ಟರು. ಹಾಗಾಗಿ ಆಸ್ಪತ್ರೆಗೆ ಮೇರಿ ಟೇಬರ್ ಶೆಲ್ ಎಂದು ಹೆಸರಾಯಿತು. ವೆಲ್ಲೂರು ನೋಡದ ಆಕೆಯ ಹೆಸರು ಗೋಡೆಯ ಮೇಲೆ ಉಳಿಯಿತು. ತಿಂಡಿವನದಲ್ಲಿ ಸತ್ತ ಮೂವರ ಹೆಸರು ಕಥೆಯಲ್ಲಿ ಕೂಡ ಇಲ್ಲ. ಇದನ್ನು ಯಾವ ಪ್ರಸಂಗದಲ್ಲೂ ಯಾರೂ ಗಮನಿಸಿದ್ದನ್ನು ನಾನು ಕೇಳಿಲ್ಲ.

ಆಸ್ಪತ್ರೆ ಕಟ್ಟುವ ಮೊದಲು ಐಡಾ ರೋಗಿಗಳನ್ನು ನೋಡುತ್ತಿದ್ದುದು ಮಿಷನ್ ಬಂಗಲೆಯಲ್ಲೇ. ಆಗ ಕೈನೆರವಿಗೆ ಇದ್ದವಳು ಬಂಗಲೆಯಲ್ಲಿ ಕೆಲಸಕ್ಕಿದ್ದವನ ಹೆಂಡತಿ ಸಾಲೋಮಿ. ನರ್ಸಿಂಗ್ ಶಾಲೆ ಬಂದದ್ದು 1909ರಲ್ಲಿ. ಅದಕ್ಕೆ ಮುಂಚೆ ಗಾಯ ತೊಳೆದು ಕಟ್ಟುವುದನ್ನೆಲ್ಲ ಹೀಗೆ ಮನೆಯ ಹೆಂಗಸರಿಗೆ ಒಂದೊಂದಾಗಿ ಹೇಳಿಕೊಡಬೇಕಾಗಿತ್ತು. ನನ್ನ ಮಟ್ಟಿಗೆ ವೆಲ್ಲೂರಿನ ಕಥೆ ನಿಜವಾಗಿ ಶುರುವಾಗುವುದು ಇಲ್ಲಿ. ತನಗೆ ಬಂದ ಕರೆಯನ್ನು ಐಡಾ ಕಲಿಸಬಹುದಾದ ಕೆಲಸವನ್ನಾಗಿ ಒಡೆದರು. ಇಷ್ಟು ನೀನು ಮಾಡು, ಇಷ್ಟು ನಾನು. ಹಳ್ಳಿಯ ಹೆಂಗಸರು ಆಸ್ಪತ್ರೆಗೆ ಬರಲಾರರು ಎಂದಾಗ ವಾರಕ್ಕೊಂದು ದಿನ ಔಷಧಿ ಪೆಟ್ಟಿಗೆ ಹೊತ್ತು ತಾವೇ ರಸ್ತೆಬದಿಗೆ ಹೋದರು. ಮರದ ನೆರಳೇ ದವಾಖಾನೆ. ಪ್ರತಿವಾರ ಹೋದರು ಎಂಬುದನ್ನು ನಾನು ಎರಡು ಸಲ ಹೇಳಲು ಸಿದ್ಧ. ಒಂದು ದಿನದ ಆರೋಗ್ಯ ಶಿಬಿರ ಮಾಡಿ ಫೋಟೋ ತೆಗೆಸಿಕೊಂಡು ಬರುವ ನಮಗೆ ಆ ಮಾತಿನ ತೂಕ ಗೊತ್ತಾಗಬೇಕು.

1918ರಲ್ಲಿ ಹೆಣ್ಣುಮಕ್ಕಳಿಗಾಗಿ ವೈದ್ಯಕೀಯ ಶಾಲೆ ತೆರೆಯುವಾಗ, ಮೂರು ಅರ್ಜಿ ಬಂದರೆ ಹೆಚ್ಚು ಎಂದು ಸರ್ಕಾರದ ದೊಡ್ಡ ಅಧಿಕಾರಿಯೊಬ್ಬರು ಹೇಳಿದ್ದರಂತೆ. ಬಂದದ್ದು 151. ತೆಗೆದುಕೊಂಡದ್ದು ಹದಿನೇಳೆಂಟು ಮಂದಿಯನ್ನು. 1922ರಲ್ಲಿ 14 ಜನ ತೇರ್ಗಡೆಯಾಗಿ ಹೊರಬಂದರು.

ಇನ್ನೂ ದೊಡ್ಡ ಪರೀಕ್ಷೆ 1930ರ ದಶಕದ ಕೊನೆಗೆ ಬಂತು. ಮದ್ರಾಸ್ ಪ್ರಾಂತ್ಯದಲ್ಲಿ ನಿಯಮ ಬದಲಾಗಿ, ಹಳೆಯ ಡಿಪ್ಲೊಮಾ ನಡೆಯುವುದಿಲ್ಲ, ವಿಶ್ವವಿದ್ಯಾಲಯದ ಪದವಿಯೇ ಬೇಕು ಎಂದಾಯಿತು. ಅಂದರೆ ಹೆಚ್ಚು ಹಾಸಿಗೆ, ಹೆಚ್ಚು ಪ್ರಾಧ್ಯಾಪಕರು, ಲಕ್ಷಗಟ್ಟಲೆ ಹಣ. ಎಪ್ಪತ್ತರ ವಯಸ್ಸಿನಲ್ಲಿ ಐಡಾ ಮತ್ತೆ ಅಮೆರಿಕಕ್ಕೆ ಹೋಗಿ ಊರೂರು ತಿರುಗಿದರು. ಉಳಿಯಬೇಕಾದರೆ ಎಲ್ಲ ಮಿಷನ್ನುಗಳೂ ಸೇರಬೇಕು, ಗಂಡು ವಿದ್ಯಾರ್ಥಿಗಳನ್ನೂ ಸೇರಿಸಿಕೊಳ್ಳಬೇಕು ಎಂಬ ಮಾತು ಬಂತು. ಯೋಚಿಸಿ, ಹೆಂಗಸರಿಗೆ ಹೆಂಗಸರೇ ವೈದ್ಯರಾಗಬೇಕು ಎಂಬುದೇ ಅಲ್ಲವೇ ಆ ರಾತ್ರಿಯ ಕರೆ? ಹೆಂಗಸರ ಕಾಲೇಜಿಗೆಂದು ಕಾಸುಕಾಸು ಕೂಡಿಸಿದ್ದ ಅಮೆರಿಕದ ಮಹಿಳೆಯರಲ್ಲಿ ಕೆಲವರಿಗೆ ಇದು ದ್ರೋಹವೆನ್ನಿಸಿತು. ಅವರ ಸಿಟ್ಟು ಸುಳ್ಳಲ್ಲ. ಅವರ ಜಾಗದಲ್ಲಿದ್ದರೆ ನಾನೂ ಸಿಟ್ಟಾಗುತ್ತಿದ್ದೆ. ಆದರೂ ಐಡಾ ಒಪ್ಪಿದರು. 1940ರ ದಶಕದಲ್ಲಿ ಹುಡುಗರೂ ಬಂದರು. ಐವತ್ತು ವರ್ಷ ಎದೆಯಲ್ಲಿಟ್ಟುಕೊಂಡ ಕನಸಿನ ರೂಪವನ್ನು ಕೈಯಾರೆ ಬದಲಾಯಿಸುವುದು, ಬಾಗಿಲು ತಟ್ಟಿದ ಸದ್ದು ಕೇಳಿ ಮನಸ್ಸು ಕರಗುವುದಕ್ಕಿಂತ ಬಲು ಕಷ್ಟ. ಪೀಠದಿಂದ ಈ ಭಾಗವನ್ನು ಯಾಕೆ ಹೇಳುವುದಿಲ್ಲ? ಇಲ್ಲಿ ಅಳು ಬರುವುದಿಲ್ಲ, ಜಗಳ ಬರುತ್ತದೆ. ಅದಕ್ಕೇ ಇರಬೇಕು.

ಹೀಗೆ ಹೇಳಿದರೇನಂತೆ, ಕಥೆ ತಾನೇ ಎನ್ನಬಹುದು. ಆದರೆ ಕಥೆ ಹೇಗೋ ಕೆಲಸವೂ ಹಾಗೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ಸಭೆಯಲ್ಲಿ ನಾನಿದ್ದಾಗ, ಇದೇ ಐಡಾ ಪ್ರಸಂಗ ಕೇಳಿದ ಸ್ತ್ರೀಯರ ಸಂಘದವರು ಒಂದು ನಿರ್ಣಯ ಮಾಡಿದರು. ಮನೆಗಳಲ್ಲಿ ಹಾಸಿಗೆ ಹಿಡಿದ ಮುದುಕರನ್ನು ನೋಡಿಕೊಳ್ಳುವ ಹೆಂಗಸರಿಗೆ ನೆರವಾಗಬೇಕು. ಒಳ್ಳೆಯ ವಿಚಾರವೇ. ನಮ್ಮಲ್ಲೇ ನಾಲ್ಕಾರು ಸೊಸೆಯರು ವರ್ಷಗಟ್ಟಲೆ ನಿದ್ದೆ ಕಾಣದೆ ಸೊರಗಿದ್ದರು. ಮೂರು ತಿಂಗಳು ಪ್ರಾರ್ಥನೆ ನಡೆಯಿತು. ಆಮೇಲೆ ನಿವೃತ್ತ ನರ್ಸೊಬ್ಬರು ಎದ್ದುನಿಂತು, ‘ಅಯ್ಯನವರೇ, ನನಗೊಂದು ಬೀರು, ಅದರ ಬೀಗದ ಕೈ, ಮಂಗಳವಾರ ಮಧ್ಯಾಹ್ನ ಹಿಂದಿನ ರೂಮು ಕೊಡಿಸಿ, ಸಾಕು’ ಎಂದರು. ನೀರಿನ ಹಾಸಿಗೆ, ಬೆಡ್‌ಪ್ಯಾನು, ವಾಕರು ಇಟ್ಟುಕೊಂಡು ಬೇಕಾದವರಿಗೆ ಎರವಲು ಕೊಡುವುದು, ಬೆನ್ನಿಗೆ ಹುಣ್ಣಾಗದಂತೆ ಮಗ್ಗುಲು ಬದಲಿಸುವುದನ್ನು ಕಲಿಸುವುದು ಅವರ ಲೆಕ್ಕಾಚಾರ.

‘ನೋಡೋಣಮ್ಮಾ, ಕಮಿಟಿ ಮುಂದೆ ಇಡ್ತೀನಿ’ ಎಂದರು ಅಯ್ಯನವರು. ಕಮಿಟಿಯ ಹಿರಿಯರಿಗೆ ಆ ರೂಮಿನಲ್ಲಿ ಸುಗ್ಗಿ ಹಬ್ಬದ ಹರಾಜಿನ ಸಾಮಾನು ಇಡಬೇಕಾಗಿತ್ತು. ಬೀಗದ ಕೈ ಹೆಂಗಸರ ಬಳಿ ಇದ್ದರೆ ಲೆಕ್ಕ ಯಾರು ಕೊಡುತ್ತಾರೆ ಎಂಬ ಪ್ರಶ್ನೆಯೂ ಬಂತಂತೆ. ಮುಂದಿನ ವರ್ಷದ ವರದಿಯಲ್ಲಿ ‘ಈ ಸೇವೆಗಾಗಿ ಪ್ರಾರ್ಥಿಸುತ್ತಿದ್ದೇವೆ’ ಎಂದು ಅಚ್ಚಾಯಿತು. ಆ ಸಿಸ್ಟರ್ ತಮ್ಮ ಮನೆಯ ಜಗಲಿಯಲ್ಲೇ ಒಂದು ಟ್ರಂಕು ಇಟ್ಟುಕೊಂಡು ಶುರುಮಾಡಿದರು. ಎರವಲು ಹೋದದ್ದು, ವಾಪಸು ಬಂದದ್ದು ಎಲ್ಲಕ್ಕೂ ಮೊಮ್ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ಲೆಕ್ಕವಿತ್ತು.

ಪುಸ್ತಕದ ಮೇಲೂ ನನ್ನದೊಂದು ಮಾತಿದೆ. ಹೆಸರೇ ‘ಡಾಕ್ಟರ್ ಐಡಾ’ ಎಂದಿರುವಾಗ ಬೆಳಕೆಲ್ಲ ಒಬ್ಬರ ಮೇಲೇ ಬೀಳುವುದು ಸಹಜ. ಆದರೆ 1946ರಲ್ಲಿ ಐಡಾ ನಿವೃತ್ತರಾದ ಮೇಲೆ ಸಂಸ್ಥೆಯನ್ನು ನಡೆಸಿದವರು ವಿಶಾಖಪಟ್ಟಣದ ಹಿಲ್ಡಾ ಲಾಜರಸ್, ಅಲ್ಲಿನ ಮೊದಲ ಭಾರತೀಯ ನಿರ್ದೇಶಕಿ. ಅಲ್ಲಿಯೇ ಓದಿದ ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೂ ಗಾಲಿ ಕುರ್ಚಿಯಲ್ಲಿ ಕೂತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. ಐಡಾ 1960ರಲ್ಲಿ ಕೊಡೈಕನಾಲಿನಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೆಲಸ ಅವರ ಕೈದಾಟಿ ಎಷ್ಟೋ ದೂರ ಹೋಗಿತ್ತು. ಮುಂದಿನ ಸಲ ನಿಮ್ಮ ಸಂಘದಲ್ಲಿ ಈ ಕಥೆ ಹೇಳುವ ಸರದಿ ನಿಮ್ಮದಾದರೆ, ಬಾಗಿಲು ತಟ್ಟಿದ ರಾತ್ರಿಯನ್ನು ಎರಡೇ ಮಾತಿನಲ್ಲಿ ಮುಗಿಸಿ ಸಾಲೋಮಿಯಿಂದ ಶುರುಮಾಡಿ.